ಆರ್‌ಕೆ3399 ಬೋರ್ಡ್: ಜಿಪಿಯು ಡ್ರೈವರ್ ಸರಿ ಇದೆ, ಆದರೂ ವಿಡಿಯೋ ಪೂರ್ತಿ ಸಿಪಿಯು ಮೇಲೇ ಓಡ್ತಿದೆ, ಯಾಕೆ?

ಸಣ್ಣಬೋರ್ಡ್_ದೊಡ್ಡಆಸೆ

ಎಲ್ಲರಿಗೂ ನಮಸ್ಕಾರ. ಆರ್‌ಕೆ3399 ಚಿಪ್ ಇರುವ ಒಂದು ಬೋರ್ಡನ್ನು ಟಿವಿಗೆ ಸಿಕ್ಕಿಸಿ ವಿಡಿಯೋ ನೋಡೋಕೆ ಇಟ್ಟುಕೊಂಡಿದ್ದೇನೆ. ಅದರ ಜೊತೆ ಬಂದ ಇಮೇಜ್ ಬೇಡ ಅಂತ ತೆಗೆದು, ಮೇನ್‌ಲೈನ್ 6.6 ಕರ್ನಲ್ (ಚಿಪ್ ಕಂಪನಿಯದಲ್ಲ, ಲಿನಕ್ಸ್‌ನ ಮೂಲ ಕರ್ನಲ್) ಇರುವ ಮಾಮೂಲಿ ಲಿನಕ್ಸ್ ಡಿಸ್ಟ್ರೋ ಹಾಕಿದೆ. ಡೆಸ್ಕ್‌ಟಾಪ್ ಚೆನ್ನಾಗಿ ಓಡುತ್ತಿದೆ. ಜಿಪಿಯು ಡ್ರೈವರ್ ಪ್ಯಾನ್‌ಫ್ರಾಸ್ಟ್ ಲೋಡ್ ಆಗಿದೆ, ಗ್ರಾಫಿಕ್ಸ್ ಪರೀಕ್ಷೆಯ ಜಿಎಲ್‌ಮಾರ್ಕ್ ಓಡಿಸಿದರೆ ಮಾಲಿ ಟಿ860 ಅಂತ ಹೆಸರು ಬರುತ್ತದೆ. ಅಂದರೆ ಜಿಪಿಯು ಕೆಲಸ ಮಾಡುತ್ತಿದೆ ಅಲ್ವಾ?

ವಿಡಿಯೋ ಹಾಕಿದ ತಕ್ಷಣ ಕಥೆ ಬೇರೆ. ಫೈಲ್ ಎಚ್.264 (ವಿಡಿಯೋ ಕಂಪ್ರೆಸ್ ಮಾಡುವ ಒಂದು ವಿಧಾನ), 1080ಪಿ, ಸೆಕೆಂಡಿಗೆ 60 ಫ್ರೇಮ್. ಎಂಪಿವಿ ಪ್ಲೇಯರ್‌ನಲ್ಲಿ ಹಾಕಿದರೆ ಆರೂ ಕೋರ್‌ಗಳು ಒದ್ದಾಡುತ್ತವೆ, ಹೀಟ್‌ಸಿಂಕ್ ಮುಟ್ಟೋಕಾಗಲ್ಲ, 'ಐ' ಕೀ ಒತ್ತಿ ನೋಡಿದರೆ ಡ್ರಾಪ್ ಆದ ಫ್ರೇಮ್‌ಗಳ ಲೆಕ್ಕ ಏರುತ್ತಲೇ ಇರುತ್ತದೆ.

ನೋಡಿದ್ದು ಇಷ್ಟು. ವಿಎಇನ್‌ಫೋ (ವಿಎ-ಎಪಿಐ ಅನ್ನೋ ಹಾರ್ಡ್‌ವೇರ್ ವಿಡಿಯೋ ಇಂಟರ್‌ಫೇಸ್ ಇದೆಯಾ ಅಂತ ನೋಡುವ ಕಮಾಂಡ್) ಓಡಿಸಿದರೆ ನೇರವಾಗಿ ಎರರ್. ಎಂಪಿವಿಗೆ ಎಚ್‌ಡಬ್ಲ್ಯುಡೆಕ್ (ಹಾರ್ಡ್‌ವೇರ್ ಡಿಕೋಡ್) ಆಯ್ಕೆಯಲ್ಲಿ ವಿ4ಎಲ್2ಎಂ2ಎಂ-ಕಾಪಿ (ವಿ4ಎಲ್2 ಅಂದರೆ ಲಿನಕ್ಸ್ ಕರ್ನಲ್‌ನ ವಿಡಿಯೋ ಇಂಟರ್‌ಫೇಸ್) ಕೊಟ್ಟರೆ ಲಾಗ್‌ನಲ್ಲಿ "ಕುಡ್ ನಾಟ್ ಫೈಂಡ್ ಎ ವ್ಯಾಲಿಡ್ ಡಿವೈಸ್" ಅಂತ ಬಂದು ಮತ್ತೆ ಸಿಪಿಯುಗೇ ಇಳಿಯುತ್ತದೆ. ತಮಾಷೆ ಅಂದರೆ ವಿ4ಎಲ್2-ಸಿಟಿಎಲ್‌ನಲ್ಲಿ ಡಿವೈಸ್ ಪಟ್ಟಿ ಕೇಳಿದರೆ ಆರ್‌ಕೆವಿಡೆಕ್ ಅಂತ ಒಂದು, ಹ್ಯಾಂಟ್ರೋ-ವಿಪಿಯು ಅಂತ ಇನ್ನೊಂದು, ಎರಡೂ ಇವೆ! ಡಿವೈಸ್ ಕಣ್ಣೆದುರಿಗೇ ಕೂತಿದೆ, ಪ್ಲೇಯರ್ ನೋಡಿದರೆ ಇಲ್ಲ ಅನ್ನುತ್ತದೆ.

ಇನ್ನೇನು ಮಾಡಲಿ? ಹಳೇ ಇಮೇಜ್‌ಗೇ ವಾಪಸ್ ಹೋಗಬೇಕಾ? ಬ್ರೌಸರ್‌ನಲ್ಲೂ ವಿಡಿಯೋ ಓಡಿದರೆ ಚೆನ್ನಾಗಿತ್ತು, ಆದರೆ ಮೊದಲು ಫೈಲ್ ಓಡಲಿ ಸಾಕು.

---

ಕರ್ನಲ್_ಕಾಕಾ

ಮೊದಲು ಒಂದು ಗೊಂದಲ ಬಿಡಿಸೋಣ. ಪ್ಯಾನ್‌ಫ್ರಾಸ್ಟ್‌ಗೂ ನಿಮ್ಮ ವಿಡಿಯೋಗೂ ಸಂಬಂಧವೇ ಇಲ್ಲ. ಪಿಸಿಯಲ್ಲಿ ಗ್ರಾಫಿಕ್ಸ್ ಕಾರ್ಡ್ ಒಳಗೇ ವಿಡಿಯೋ ಡಿಕೋಡರ್ ಇರುತ್ತದೆ, ಜಿಪಿಯು ಡ್ರೈವರ್ ಹಾಕಿದರೆ ಅದೂ ಜೊತೆಗೆ ಬರುತ್ತದೆ, ಹಾಗಾಗಿ ಎಲ್ಲರೂ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಈ ಸಣ್ಣ ಬೋರ್ಡ್‌ಗಳಲ್ಲಿ ಹಾಗಲ್ಲ. ಮಾಲಿ ಜಿಪಿಯು ಚಿತ್ರ ಬಿಡಿಸುತ್ತದೆ ಅಷ್ಟೇ, ಅದಕ್ಕೆ ಎಚ್.264 ಅಂದರೆ ಏನು ಅಂತಲೇ ಗೊತ್ತಿಲ್ಲ. ಡಿಕೋಡ್ ಮಾಡುವುದು ಅದೇ ಚಿಪ್ ಒಳಗಿನ ಬೇರೆ ಬ್ಲಾಕ್, ಅದಕ್ಕೆ ಬೇರೆ ಡ್ರೈವರ್, ಬೇರೆ ಇಂಟರ್‌ಫೇಸ್. ನಿಮ್ಮ ಚಿಪ್‌ನಲ್ಲಿ ಅಂಥವು ಎರಡಿವೆ, ನೀವೇ ಪಟ್ಟಿಯಲ್ಲಿ ನೋಡಿದಿರಿ: ಆರ್‌ಕೆವಿಡೆಕ್ ಎಚ್.264 ಮತ್ತು ವಿಪಿ9 ನೋಡಿಕೊಳ್ಳುತ್ತದೆ, ಹ್ಯಾಂಟ್ರೋ ಎಂಪೆಗ್-2 ಮತ್ತು ವಿಪಿ8. ವಿಎ-ಎಪಿಐ ಅನ್ನೋದು ಇಂಟೆಲ್, ಎಎಂಡಿ ಕಡೆಯ ದಾರಿ. ಇಲ್ಲಿ ವಿಎಇನ್‌ಫೋ ಎರರ್ ಕೊಟ್ಟರೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಅಸಲಿ ಪ್ರಶ್ನೆ. ಡಿವೈಸ್ ಇದ್ದೂ ಎಂಪಿವಿಗೆ ಯಾಕೆ ಕಾಣಲ್ಲ? ಒಂದು ಕೆಲಸ ಮಾಡಿ. ವಿ4ಎಲ್2-ಸಿಟಿಎಲ್‌ಗೆ ಆರ್‌ಕೆವಿಡೆಕ್‌ನ ನೋಡ್ (ಡೆವ್ ಫೋಲ್ಡರ್‌ನಲ್ಲಿರುವ ಡಿವೈಸ್ ಫೈಲ್) ಹೆಸರು ಕೊಟ್ಟು ಲಿಸ್ಟ್-ಫಾರ್ಮ್ಯಾಟ್ಸ್-ಔಟ್ ಕೇಳಿ. (ಔಟ್ ಅಂತಲೇ ಕೇಳಬೇಕು. ಪ್ರೋಗ್ರಾಂ ಕಡೆಯಿಂದ ಡ್ರೈವರ್‌ಗೆ ಹೋಗೋದು ಔಟ್‌ಪುಟ್ ಕ್ಯೂ, ಕಂಪ್ರೆಸ್ ಆದ ವಿಡಿಯೋ ಹೋಗೋದು ಅದರೊಳಗೆ. ಡಿಕೋಡ್ ಆದ ಫ್ರೇಮ್ ಬರೋದು ಕ್ಯಾಪ್ಚರ್ ಕ್ಯೂನಲ್ಲಿ.) ಅಲ್ಲಿ ನಾಲ್ಕಕ್ಷರದ ಕೋಡ್ ಬರುತ್ತದೆ. ಎಚ್264 ಅಂತ ಇದ್ದರೆ ಅದು ಸ್ಟೇಟ್‌ಫುಲ್ ಡಿಕೋಡರ್. ಎಸ್264 ಅಂತ ಇದ್ದರೆ ಸ್ಟೇಟ್‌ಲೆಸ್. ವಿಪಿ9ಗೂ ಹಾಗೇ, ವಿಪಿ90 ಅಂದರೆ ಮೊದಲನೇ ಜಾತಿ, ವಿಪಿ9ಎಫ್ ಅಂದರೆ ಎರಡನೇದು. ನಿಮ್ಮದರಲ್ಲಿ ಎಸ್264, ವಿಪಿ9ಎಫ್ ಬರುತ್ತವೆ, ನೋಡದೆಯೇ ಹೇಳಬಲ್ಲೆ.

ಈ ಒಂದು ಅಕ್ಷರದಲ್ಲೇ ನಿಮ್ಮ ಪೂರ್ತಿ ಸಮಸ್ಯೆ ಇರೋದು.

ಸ್ಟೇಟ್‌ಫುಲ್ ಅಂದರೆ ಬಿಟ್‌ಸ್ಟ್ರೀಮ್ (ಕಂಪ್ರೆಸ್ ಆದ ವಿಡಿಯೋ) ಸುರಿದರೆ ಸಾಕು, ಹಾರ್ಡ್‌ವೇರೋ ಅದರೊಳಗಿನ ಫರ್ಮ್‌ವೇರೋ ಹೆಡರ್ ಓದಿ, ಯಾವ ಹಳೇ ಫ್ರೇಮ್ ಇಟ್ಟುಕೊಳ್ಳಬೇಕು ಯಾವುದು ಬಿಡಬೇಕು ಅಂತ ತಾನೇ ನಿರ್ಧರಿಸಿ ಚಿತ್ರ ಕೊಡುತ್ತದೆ. ಸ್ಟೇಟ್‌ಲೆಸ್‌ನಲ್ಲಿ ಹಾರ್ಡ್‌ವೇರ್‌ಗೆ ನೆನಪಿನ ಶಕ್ತಿ ಇಲ್ಲ. ಪ್ರತಿ ಫ್ರೇಮ್‌ಗೂ ಎಸ್‌ಪಿಎಸ್, ಪಿಪಿಎಸ್ (ಸೆಟ್ಟಿಂಗ್‌ಗಳಿರುವ ಹೆಡರ್‌ಗಳು), ಸ್ಲೈಸ್ (ಫ್ರೇಮ್‌ನ ತುಂಡು) ವಿವರ, ರೆಫರೆನ್ಸ್ ಫ್ರೇಮ್‌ಗಳು (ಈ ಫ್ರೇಮ್ ಕಟ್ಟೋಕೆ ಬೇಕಾದ ಹಿಂದೆ ಡಿಕೋಡ್ ಆದ ಫ್ರೇಮ್‌ಗಳು) ಯಾವ ಬಫರ್‌ನಲ್ಲಿವೆ, ಎಲ್ಲವನ್ನೂ ಪ್ಲೇಯರ್ ಕಡೆಯವರೇ ಓದಿ, ಒಟ್ಟು ಕಟ್ಟಿ, ರಿಕ್ವೆಸ್ಟ್ ಎಪಿಐ ಮೂಲಕ ಡ್ರೈವರ್‌ಗೆ ಕೊಡಬೇಕು. ಕೊಟ್ಟರೆ ಹಾರ್ಡ್‌ವೇರ್ ಆ ಒಂದು ಫ್ರೇಮ್ ಮಾಡಿಕೊಟ್ಟು ಎಲ್ಲ ಮರೆತುಬಿಡುತ್ತದೆ. ಇದರಲ್ಲಿ ಒಳ್ಳೆಯದೂ ಇದೆ. ಮುಚ್ಚಿದ ಫರ್ಮ್‌ವೇರ್ ಬೇಕಾಗಲ್ಲ, ಒಂದೇ ಹಾರ್ಡ್‌ವೇರ್‌ನಲ್ಲಿ ನಾಲ್ಕು ವಿಡಿಯೋ ಸರದಿ ಮೇಲೆ ಓಡಿಸಬಹುದು. ಕ್ರೋಮ್ ಓಎಸ್‌ನವರಿಗೆ ಇದೇ ಬೇಕಿತ್ತು, ಈ ಎಪಿಐ ಮುಂದೆ ಹೋಗಿದ್ದರಲ್ಲಿ ಅವರ ಪಾಲು ದೊಡ್ಡದು.

ನೀವು ಕೊಟ್ಟ ವಿ4ಎಲ್2ಎಂ2ಎಂ ಆಯ್ಕೆ ಎಫ್‌ಎಫ್‌ಎಂಪೆಗ್‌ನ (ಎಂಪಿವಿ ಒಳಗೆ ಬಳಸುವ ವಿಡಿಯೋ ಲೈಬ್ರರಿ) ಸ್ಟೇಟ್‌ಫುಲ್ ಡಿಕೋಡರ್‌ಗೆ ಹೋಗುತ್ತದೆ. ಅದು ಒಂದೊಂದೇ ವಿಡಿಯೋ ನೋಡ್ ತೆರೆದು ಎಚ್264 ಇದೆಯಾ ಅಂತ ಕೇಳುತ್ತದೆ, ಎಸ್264 ಕಂಡರೆ ತನಗೆ ಸಂಬಂಧವಿಲ್ಲ ಅಂತ ಮುಂದಕ್ಕೆ ಹೋಗುತ್ತದೆ, ಕೊನೆಗೆ ವ್ಯಾಲಿಡ್ ಡಿವೈಸ್ ಇಲ್ಲ ಅನ್ನುತ್ತದೆ. ಸುಳ್ಳು ಹೇಳುತ್ತಿಲ್ಲ ಪಾಪ.

---

ಕೆಲಸ_ಆದ್ರೆ_ಸಾಕು

ಇಷ್ಟೆಲ್ಲಾ ಓದಿ ಏನು ಮಾಡೋದು, ಸಿನಿಮಾ ನೋಡೋಕೆ ಕರ್ನಲ್ ಪಾಠ ಬೇಕಾ? ಚಿಪ್ ಕಂಪನಿಯ ಕರ್ನಲ್ ಇರುವ ಇಮೇಜ್ ಹಾಕಿ, ಅದರಲ್ಲಿ ಎಂಪಿಪಿ (ಆ ಕಂಪನಿಯದೇ ಡಿಕೋಡ್ ಲೈಬ್ರರಿ) ಇರುತ್ತದೆ, ಎಫ್‌ಎಫ್‌ಎಂಪೆಗ್‌ನಲ್ಲಿ ಆರ್‌ಕೆಎಂಪಿಪಿ ಡಿಕೋಡರ್ ಆನ್ ಮಾಡಿ ಬಿಲ್ಡ್ ಮಾಡಿದ ಪ್ಲೇಯರ್ ಸಿಕ್ಕರೆ ಮುಗೀತು. ಎಚ್‌ಇವಿಸಿ (ಎಚ್.264ರ ಮುಂದಿನ ಪೀಳಿಗೆ, ಎಚ್.265) 10-ಬಿಟ್ ಕೂಡ ಓಡುತ್ತದೆ. ಮೇನ್‌ಲೈನ್ 6.6ರಲ್ಲಿ ಆರ್‌ಕೆವಿಡೆಕ್ ಡ್ರೈವರ್‌ಗೆ ಎಚ್‌ಇವಿಸಿ ಬರುವುದೇ ಇಲ್ಲ, ಹಾರ್ಡ್‌ವೇರ್‌ನಲ್ಲಿ ಇದ್ದರೂ ಸಹ. ಅದನ್ನು ಕಾಕಾ ಹೇಳಲೇ ಇಲ್ಲ ನೋಡಿ.

---

ಕರ್ನಲ್_ಕಾಕಾ

ಹೇಳುವವನಿದ್ದೆ, ನೀವೇ ಹೇಳಿದಿರಿ, ಸಂತೋಷ. ಹೌದು, 6.6ರ ಆರ್‌ಕೆವಿಡೆಕ್‌ನಲ್ಲಿ ಎಚ್‌ಇವಿಸಿ ಇಲ್ಲ. ಲಿಬ್ರೆಇಎಲ್‌ಇಸಿ ಅನ್ನೋ ಡಿಸ್ಟ್ರೋದವರು ಅದಕ್ಕೆ ಪ್ಯಾಚ್ ಇಟ್ಟುಕೊಂಡಿದ್ದಾರೆ, ಬೋರ್ಡ್ ಟಿವಿ ಹಿಂದೆ ಕೂತು ಕೋಡಿ ಮೀಡಿಯಾ ಪ್ಲೇಯರ್ ಓಡಿಸೋಕೆ ಮಾತ್ರ ಅಂದರೆ ನಾನೂ ಅದನ್ನೇ ಹಾಕಿ ಅನ್ನುತ್ತೇನೆ. ಕರ್ನಲ್ ಪ್ಯಾಚ್, ಎಫ್‌ಎಫ್‌ಎಂಪೆಗ್ ಪ್ಯಾಚ್, ಡಿಸ್‌ಪ್ಲೇ, ಮೂರೂ ಹೊಂದಿಕೊಂಡೇ ಬರುತ್ತವೆ.

ಕಂಪನಿ ಕರ್ನಲ್ ಬಗ್ಗೆ ನನ್ನ ತಕರಾರು ಅದು ಓಡಲ್ಲ ಅಂತಲ್ಲ, ಚೆನ್ನಾಗೇ ಓಡುತ್ತದೆ. ಆದರೆ ಆರ್‌ಕೆ3399ಕ್ಕೆ ಬಹಳ ಇಮೇಜ್‌ಗಳು ಬಂದಿದ್ದು 4.4 ಕರ್ನಲ್ ಮೇಲೆ. 4.4 ಬಿಡುಗಡೆ ಆಗಿದ್ದು 2016ರ ಜನವರಿಯಲ್ಲಿ, ಅದರ ಅಧಿಕೃತ ಬೆಂಬಲ 2022ರ ಫೆಬ್ರವರಿಯಲ್ಲಿ ನಿಂತಿತು. ನೆಟ್‌ವರ್ಕ್‌ಗೆ ಸಿಕ್ಕಿಸಿರುವ ಪೆಟ್ಟಿಗೆಯಲ್ಲಿ ಅದನ್ನು ಇಟ್ಟುಕೊಳ್ಳೋಕೆ ನನಗೆ ಮನಸ್ಸಿಲ್ಲ. ಜೊತೆಗೆ ಎಂಪಿಪಿ ಅನ್ನೋದು ಆ ಚಿಪ್‌ನವರದೇ ಸ್ವಂತ ದಾರಿ. ಅದಕ್ಕಾಗಿ ಬಿಲ್ಡ್ ಮಾಡಿದ ಪ್ರೋಗ್ರಾಂ ಬೇರೆ ಚಿಪ್‌ನಲ್ಲಿ ನಡೆಯಲ್ಲ. ವಿ4ಎಲ್2 ದಾರಿಯಲ್ಲಿ ಆಲ್‌ವಿನ್ನರ್ ಬೋರ್ಡ್‌ಗೂ ನಿಮ್ಮ ಬೋರ್ಡ್‌ಗೂ ಪ್ಲೇಯರ್ ಒಂದೇ.

ಈ ದಾರಿ ತಡವಾಗಿ ತಯಾರಾಯಿತು ಅನ್ನೋದು ಮಾತ್ರ ನಿಜ. ಆಲ್‌ವಿನ್ನರ್ ಚಿಪ್‌ಗಳ ಸೆಡ್ರಸ್ ಡ್ರೈವರ್‌ಗಾಗಿ ಬೂಟ್‌ಲಿನ್ ಕಂಪನಿಯವರು 2018ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಎತ್ತಿದರು. ರಿಕ್ವೆಸ್ಟ್ ಎಪಿಐ ಕರ್ನಲ್‌ಗೆ ಸೇರಿದ್ದು ಅದೇ ವರ್ಷದ ಕೊನೆಗೆ, 4.20ರಲ್ಲಿ. ಆದರೆ ಎಚ್.264ರ ಕಂಟ್ರೋಲ್‌ಗಳು (ಪ್ಲೇಯರ್ ಡ್ರೈವರ್‌ಗೆ ಕೊಡುವ ವಿವರಗಳ ಸ್ವರೂಪ) ಇನ್ನು ಬದಲಾಗಲ್ಲ ಅಂತ ಗಟ್ಟಿಯಾಗಿದ್ದು 2021ರ 5.11ರಲ್ಲಿ. ವಿಪಿ9 ಆಮೇಲೆ 5.17ರಲ್ಲಿ, ಎಚ್‌ಇವಿಸಿ 6.0ರಲ್ಲಿ, ಎವಿ1 2023ರ 6.5ರಲ್ಲಿ. ಗಟ್ಟಿಯಾಗದ ಎಪಿಐಗೆ ಪ್ಲೇಯರ್ ಬರೆಯೋರು ಯಾರು? ಪ್ರತಿ ಕರ್ನಲ್‌ಗೂ ಮುರಿಯುತ್ತಿತ್ತು. ಆ ಕಾಲದಲ್ಲಿ ಬರೆದ ಹಳೇ ಬ್ಲಾಗ್‌ಗಳು ಇನ್ನೂ ಹುಡುಕಾಟದಲ್ಲಿ ಮೇಲೆ ಬರುತ್ತವೆ, ಅದರಲ್ಲಿ ಲಿಬ್‌ವಿಎ-ವಿ4ಎಲ್2-ರಿಕ್ವೆಸ್ಟ್ ಹಾಕಿ ಅಂತ ಇರುತ್ತದೆ. ದಯವಿಟ್ಟು ಅದರ ಹಿಂದೆ ಹೋಗಬೇಡಿ, ಅದನ್ನು ನೋಡಿಕೊಳ್ಳುವವರು ಕೈಬಿಟ್ಟು ಬಹಳ ಕಾಲ ಆಗಿದೆ.

---

ಪೈಪ್‌ಲೈನ್_ಪುಟ್ಟಿ

ಕೇಳಿದವರಿಗೆ ಇನ್ನೂ ಯಾರೂ ಏನು ಟೈಪ್ ಮಾಡಬೇಕು ಅಂತ ಹೇಳಿಲ್ಲ, ನಾನು ಹೇಳುತ್ತೇನೆ. 😄

ಎಂಪಿವಿ ಪಕ್ಕಕ್ಕಿಡಿ. ಮೊದಲು ಜಿಸ್ಟ್ರೀಮರ್‌ನಲ್ಲಿ (ಎಲಿಮೆಂಟ್ ಅನ್ನೋ ತುಂಡುಗಳನ್ನು ಜೋಡಿಸಿ ವಿಡಿಯೋ ಓಡಿಸುವ ಸಾಧನ) ನೋಡಿ, ಯಾಕಂದ್ರೆ ಸ್ಟೇಟ್‌ಲೆಸ್ ಬೆಂಬಲ ಅದರಲ್ಲಿ 1.18ರಿಂದಲೂ ಒಳಗೇ ಇದೆ, ಬೇರೆ ಪ್ಯಾಚ್ ಏನೂ ಬೇಡ. ಬ್ಯಾಡ್ ಪ್ಲಗಿನ್‌ಗಳ ಪ್ಯಾಕೇಜ್ ಹಾಕಿಕೊಳ್ಳಿ (ಹೆಸರು ಬ್ಯಾಡ್, ಹುಡುಗ ಒಳ್ಳೆಯವನು). ಆಮೇಲೆ ಜಿಎಸ್‌ಟಿ-ಇನ್‌ಸ್ಪೆಕ್ಟ್‌ಗೆ ವಿ4ಎಲ್2ಕೋಡೆಕ್ಸ್ ಅಂತ ಕೊಟ್ಟು ನೋಡಿ. ವಿ4ಎಲ್2ಎಸ್‌ಎಲ್‌ಎಚ್264ಡೆಕ್ ಅನ್ನೋ ಎಲಿಮೆಂಟ್ ಕಾಣಬೇಕು. ನಡುವಿನ ಆ ಎಸ್‌ಎಲ್ ಮುಖ್ಯ. ಅದಿಲ್ಲದೆ ಬರೀ ವಿ4ಎಲ್2ಎಚ್264ಡೆಕ್ ಇದ್ದರೆ ಅದು ಸ್ಟೇಟ್‌ಫುಲ್ ಬೋರ್ಡ್‌ಗಳಿಗೆ.

ಕಂಡರೆ ಫೈಲ್‌ಸೋರ್ಸ್, ಪಾರ್ಸ್‌ಬಿನ್, ಆ ಎಲಿಮೆಂಟ್, ಕೊನೆಗೆ ವೇಲ್ಯಾಂಡ್‌ಸಿಂಕ್, ಇಷ್ಟನ್ನು ಜಿಎಸ್‌ಟಿ-ಲಾಂಚ್‌ನಲ್ಲಿ ಜೋಡಿಸಿ ಓಡಿಸಿ. ಇನ್ನೊಂದು ಟರ್ಮಿನಲ್‌ನಲ್ಲಿ ಸಿಪಿಯು ಬಳಕೆ ತೋರಿಸುವ ಎಚ್‌ಟಾಪ್ ತೆರೆದಿಡಿ. ಸಿಪಿಯು ಪಾತಾಳಕ್ಕೆ ಇಳಿದರೆ ಹಾರ್ಡ್‌ವೇರ್ ಓಡುತ್ತಿದೆ ಅಂತ ಅರ್ಥ. ಡೆಸ್ಕ್‌ಟಾಪ್ ನಿಲ್ಲಿಸಿ ಬರೀ ಕನ್ಸೋಲ್‌ನಿಂದ ಕೆಎಂಎಸ್‌ಸಿಂಕ್ ಹಾಕಿ ನೋಡಿದರೆ ಇನ್ನೂ ಮಜಾ. ಡಿಕೋಡರ್ ಕೊಟ್ಟ ಎನ್‌ವಿ12 (ಬೆಳಕು, ಬಣ್ಣ ಬೇರೆ ಬೇರೆ ಇಡುವ ಫಾರ್ಮ್ಯಾಟ್) ಬಫರನ್ನು ಡಿಸ್‌ಪ್ಲೇ ಕಂಟ್ರೋಲರ್ ನೇರವಾಗಿ ಪರದೆಗೆ ಕಳಿಸುತ್ತದೆ, ಜಿಪಿಯು ಏಳುವುದೇ ಇಲ್ಲ.

ಎಲಿಮೆಂಟ್ ಕಾಣದಿದ್ದರೆ ಸುಡೋ ಹಾಕಿ ಒಮ್ಮೆ ನೋಡಿ. ಆಗ ಕಂಡರೆ ಪರ್ಮಿಷನ್ ತೊಂದರೆ.

---

ಸಣ್ಣಬೋರ್ಡ್_ದೊಡ್ಡಆಸೆ

ಕಾಕಾ ಹೇಳಿದ ಹಾಗೆ ಎಸ್264, ವಿಪಿ9ಎಫ್, ಎರಡೂ ಬಂದವು! ಪುಟ್ಟಿ ಹೇಳಿದ ಎಲಿಮೆಂಟ್ ಮಾತ್ರ ಮೊದಲು ಕಾಣಲಿಲ್ಲ, ಸುಡೋ ಹಾಕಿದರೆ ಕಂಡಿತು. ನನ್ನ ಯೂಸರ್ ವಿಡಿಯೋ ಗ್ರೂಪ್‌ನಲ್ಲಿ ಇದ್ದಾನೆ, ವಿಡಿಯೋ ನೋಡ್‌ಗಳನ್ನು ತೆರೆಯೋಕೂ ಆಗುತ್ತದೆ. ಆದರೂ ಯಾಕೆ?

---

ಪೈಪ್‌ಲೈನ್_ಪುಟ್ಟಿ

ಮೀಡಿಯಾ ನೋಡ್ ನೋಡಿ. ಡೆವ್ ಫೋಲ್ಡರ್‌ನಲ್ಲಿ ವಿಡಿಯೋ0, ವಿಡಿಯೋ1 ಥರಾನೇ ಮೀಡಿಯಾ0, ಮೀಡಿಯಾ1 ಅಂತ ಇರುತ್ತವೆ. ಸ್ಟೇಟ್‌ಲೆಸ್‌ನಲ್ಲಿ ರಿಕ್ವೆಸ್ಟ್ ಹುಟ್ಟುವುದು ಆ ಮೀಡಿಯಾ ನೋಡ್‌ನಿಂದ, ಹಾಗಾಗಿ ಎರಡಕ್ಕೂ ಅನುಮತಿ ಬೇಕು. ಕೆಲವು ಚಿಕ್ಕ ಇಮೇಜ್‌ಗಳಲ್ಲಿ ಇದಕ್ಕೆ ಯುಡೆವ್ (ಡಿವೈಸ್ ಫೈಲ್‌ಗಳ ಅನುಮತಿ ನೋಡಿಕೊಳ್ಳುವ ವ್ಯವಸ್ಥೆ) ನಿಯಮ ಇರುವುದಿಲ್ಲ, ರೂಟ್ ಹೆಸರಲ್ಲೇ ಬಿದ್ದಿರುತ್ತದೆ. ಮೀಡಿಯಾ ಸಬ್‌ಸಿಸ್ಟಮ್‌ಗೆ ಗ್ರೂಪ್ ವಿಡಿಯೋ ಅಂತ ಒಂದು ಸಾಲಿನ ನಿಯಮ ಬರೆದು ರೀಬೂಟ್ ಮಾಡಿ. ಜಿಸ್ಟ್ರೀಮರ್ ಹಳೇ ಪಟ್ಟಿಯನ್ನೇ ನೆನಪಿಟ್ಟುಕೊಂಡಿದ್ದರೆ ಹೋಮ್‌ನಲ್ಲಿರುವ ಅದರ ಕ್ಯಾಶ್ ಫೋಲ್ಡರ್ ಅಳಿಸಿ.

---

ಫ್ರೇಮ್_ಬಿದ್ದೋಯ್ತು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ರಾಸ್ಪ್‌ಬೆರಿ ಪೈ ಬಗ್ಗೆಯೂ ಇದೇ ಲೆಕ್ಕನಾ? ಪೈ 4ರಲ್ಲಿ ಎಂಪಿವಿಗೆ ವಿ4ಎಲ್2ಎಂ2ಎಂ-ಕಾಪಿ ಕೊಟ್ಟರೆ ಸರಿಯಾಗಿ ಓಡುತ್ತದೆ, ಅದೇ ಕಾನ್ಫಿಗ್ ಪೈ 5ಕ್ಕೆ ಹಾಕಿದರೆ ಇಲ್ಲ. ಹೊಸ ಬೋರ್ಡ್ ಹಳೇದಕ್ಕಿಂತ ಹಿಂದೆ ಹೇಗೆ ಹೋಗುತ್ತದೆ?

---

ಕರ್ನಲ್_ಕಾಕಾ

ಪೈ 5ರಲ್ಲಿ ಎಚ್.264 ಹಾರ್ಡ್‌ವೇರ್ ಡಿಕೋಡರ್ ಇಲ್ಲವೇ ಇಲ್ಲ. ತೆಗೆದುಬಿಟ್ಟಿದ್ದಾರೆ. ಇರೋದು ಎಚ್‌ಇವಿಸಿ ಮಾತ್ರ, 4ಕೆ 60 ಫ್ರೇಮ್ ತನಕ. ಎಚ್.264ನ್ನು ಸಿಪಿಯು ಮೇಲೆ ಮಾಡಿಕೊಳ್ಳಿ ಅಂತ. 2.4 ಗಿಗಾಹರ್ಟ್ಸ್‌ನ ನಾಲ್ಕು ಎ76 ಕೋರ್‌ಗಳಿಗೆ 1080ಪಿ ಕಷ್ಟವೂ ಅಲ್ಲ, ಆ ನಿರ್ಧಾರ ನನಗೆ ಅಷ್ಟೇನೂ ತಪ್ಪು ಅನಿಸಿಲ್ಲ. ಬ್ಯಾಟರಿ ಮೇಲೆ ಓಡಿಸೋರು ಬೈಯಬಹುದು.

ಪೈ 4 ಇನ್ನೂ ವಿಚಿತ್ರ. ಒಂದೇ ಬೋರ್ಡ್‌ನಲ್ಲಿ ಎರಡೂ ಜಾತಿ. ಎಚ್.264 ಹಳೇ ವಿಡಿಯೋಕೋರ್ ಫರ್ಮ್‌ವೇರ್ ಮೂಲಕ, ವಿಡಿಯೋ10 ಅನ್ನೋ ನೋಡ್‌ನಲ್ಲಿ, ಸ್ಟೇಟ್‌ಫುಲ್. ಎಚ್‌ಇವಿಸಿ ಬೇರೆ ಬ್ಲಾಕ್, ಅದು ಸ್ಟೇಟ್‌ಲೆಸ್. ಹಾಗಾಗಿ ನಿಮ್ಮ ವಿ4ಎಲ್2ಎಂ2ಎಂ ಆಯ್ಕೆ ಎಚ್.264ಗೆ ಮಾತ್ರ ಲಾಗೂ ಆಗುತ್ತದೆ. ಎಚ್‌ಇವಿಸಿ ಫೈಲ್‌ಗೆ ರಾಸ್ಪ್‌ಬೆರಿ ಪೈ ಓಎಸ್‌ನ ಎಫ್‌ಎಫ್‌ಎಂಪೆಗ್ ಬೇಕು, ಅದರಲ್ಲಿ ಪ್ಯಾಚ್ ಇದೆ.

ಪೈ 4ರಲ್ಲಿ 4ಕೆ ಎಚ್‌ಇವಿಸಿ ಶುರುವಾಗಿ ತಕ್ಷಣ ನಿಂತರೆ ಡಿಮೆಸ್ಜ್‌ನಲ್ಲಿ (ಕರ್ನಲ್‌ನ ಲಾಗ್) ಸಿಎಂಎ ಅಂತ ಹುಡುಕಿ. ಅಲ್ಲಿ ಡಿಕೋಡರ್‌ಗೆ ಒಟ್ಟಿಗೆ ಸೇರಿದ ದೊಡ್ಡ ಮೆಮೊರಿ ತುಂಡು ಬೇಕು. 10-ಬಿಟ್ 4ಕೆ ಫ್ರೇಮ್ ಒಂದಕ್ಕೆ ಅವರ ಫಾರ್ಮ್ಯಾಟ್‌ನಲ್ಲಿ ಮೂರು ಸ್ಯಾಂಪಲ್‌ಗೆ ನಾಲ್ಕು ಬೈಟ್ ಲೆಕ್ಕದಲ್ಲಿ ಸುಮಾರು 16.6 ಎಂಬಿ. ಹತ್ತು ಬಫರ್ ಅಂದರೆ 166 ಎಂಬಿ ಅಲ್ಲೇ ಹೋಯಿತು. ಕಾನ್ಫಿಗ್ ಫೈಲ್‌ನ ವಿಸಿ4-ಕೆಎಂಎಸ್-ವಿ3ಡಿ ಓವರ್‌ಲೇ ಸಾಲಿನಲ್ಲೇ ಕೊನೆಗೆ ಕಾಮಾ ಹಾಕಿ ಸಿಎಂಎ-512 ಸೇರಿಸಿದರೆ ಜಾಗ ಜಾಸ್ತಿ ಸಿಗುತ್ತದೆ. ಎಷ್ಟು ಉಳಿದಿದೆ ಅನ್ನೋದನ್ನು ಪ್ರಾಕ್ ಫೋಲ್ಡರ್‌ನ ಮೆಮ್‌ಇನ್‌ಫೋದಲ್ಲಿ ಸಿಎಂಎಫ್ರೀ ಸಾಲು ಹೇಳುತ್ತದೆ.

---

ಸಣ್ಣಬೋರ್ಡ್_ದೊಡ್ಡಆಸೆ

ಯುಡೆವ್ ನಿಯಮ ಹಾಕಿದ ಮೇಲೆ ಓಡಿತು!! ವೇಲ್ಯಾಂಡ್‌ಸಿಂಕ್‌ನಲ್ಲಿ ಎಲ್ಲಾ ಕೋರ್‌ಗಳೂ ಹೆಚ್ಚುಕಡಿಮೆ ಸುಮ್ನೆ ಕೂತಿವೆ, ಒಂದು ಫ್ರೇಮೂ ಬೀಳುತ್ತಿಲ್ಲ. ಪುಟ್ಟಿ, ಕಾಕಾ, ಇಬ್ಬರಿಗೂ ದೊಡ್ಡ ನಮಸ್ಕಾರ.

ಎಂಪಿವಿಯಲ್ಲಿ ಆಗೋದೇ ಇಲ್ವಾ? ಕೀಗಳೆಲ್ಲಾ ಕೈಗೆ ಅಭ್ಯಾಸ ಆಗಿಬಿಟ್ಟಿದೆ. ಮತ್ತೆ ಬ್ರೌಸರ್?

---

ಪೈಪ್‌ಲೈನ್_ಪುಟ್ಟಿ

ಎಂಪಿವಿ ನಂಬಿರೋದು ಎಫ್‌ಎಫ್‌ಎಂಪೆಗ್ ಮೇಲೆ. ಎಫ್‌ಎಫ್‌ಎಂಪೆಗ್‌ಗೆ ಬಿಲ್ಡ್‌ಕಾನ್ಫ್ ಅಂತ ಕೊಟ್ಟು ನೋಡಿ, ಅದರಲ್ಲಿ ಎನೇಬಲ್-ವಿ4ಎಲ್2-ರಿಕ್ವೆಸ್ಟ್ ಇಲ್ಲದಿದ್ದರೆ ಎಂಪಿವಿಯಲ್ಲಿ ಏನು ಆಯ್ಕೆ ತಿರುಗಿಸಿದರೂ ಪ್ರಯೋಜನ ಇಲ್ಲ. ಆ ಪ್ಯಾಚ್‌ಗಳು ವರ್ಷಗಟ್ಟಲೆ ಮುಖ್ಯ ಎಫ್‌ಎಫ್‌ಎಂಪೆಗ್‌ನ ಹೊರಗೇ ಅಲೆದಾಡಿವೆ, ಡಿಸ್ಟ್ರೋಗಳು ಸಾಮಾನ್ಯವಾಗಿ ಅವನ್ನು ಸೇರಿಸಲ್ಲ. ಪ್ಯಾಚ್ ಇರುವ ಎಫ್‌ಎಫ್‌ಎಂಪೆಗ್ ನೀವೇ ಬಿಲ್ಡ್ ಮಾಡಿ ಅದಕ್ಕೆ ಎಂಪಿವಿ ಜೋಡಿಸಬೇಕು. ಆಮೇಲೆ ಎಚ್‌ಡಬ್ಲ್ಯುಡೆಕ್‌ನಲ್ಲಿ ಡಿಆರ್‌ಎಂ (ಇಲ್ಲಿ ಕರ್ನಲ್‌ನ ಡಿಸ್‌ಪ್ಲೇ ಇಂಟರ್‌ಫೇಸ್ ಅಂತ ಅರ್ಥ) ಕೊಡಿ, ಡಿಆರ್‌ಎಂ-ಕಾಪಿ ಅಲ್ಲ.

ಕಾಪಿ ಯಾಕೆ ಬೇಡ ಅಂದರೆ, 1080ಪಿಯ ಒಂದು ಎನ್‌ವಿ12 ಫ್ರೇಮ್ ಸುಮಾರು 3.1 ಎಂಬಿ, ಅದು ಹೇಗೋ ನಡೆಯುತ್ತದೆ. 4ಕೆ ಆದರೆ 12.4 ಎಂಬಿ, 60 ಫ್ರೇಮ್‌ಗೆ ಸೆಕೆಂಡಿಗೆ ಹತ್ತಿರ ಹತ್ತಿರ 750 ಎಂಬಿ. ಒಂದು ಸಲ ಓದಿ ಒಂದು ಸಲ ಬರೆದರೆ ಅದರ ಎರಡರಷ್ಟು. ನಡುವೆ ಯಾರಾದರೂ ಅದನ್ನು ಆರ್‌ಜಿಬಿ ಮಾಡಿದರು ಅನ್ನಿ, ಕೆಂಪು, ಹಸಿರು, ನೀಲಿ, ಜೊತೆಗೆ ಒಂದು ಹೆಚ್ಚುವರಿ ಬೈಟ್ ಸೇರಿ ಒಂದೊಂದು ಪಿಕ್ಸೆಲ್‌ಗೂ 4 ಬೈಟ್, ಸೆಕೆಂಡಿಗೆ 2 ಜಿಬಿ ಬರೆಯೋಕೇ ಬೇಕು. ಡಿಕೋಡರ್ ಎಷ್ಟೇ ವೇಗ ಇದ್ದರೂ ಈ ಹೊರೆಯಲ್ಲಿ ಉಸಿರು ಕಟ್ಟುತ್ತದೆ. "ಹಾರ್ಡ್‌ವೇರ್ ಡಿಕೋಡ್ ಆನ್ ಇದೆ, ಆದರೂ ಸಿಪಿಯು ಏರಿದೆ" ಅನ್ನೋರಲ್ಲಿ ಬಹಳ ಜನ ಸಿಕ್ಕಿಬಿದ್ದಿರೋದು ಇಲ್ಲಿಯೇ. ಫ್ರೇಮ್ ಡಿಎಂಎ-ಬಫ್ (ಡ್ರೈವರ್‌ಗಳು ಹಂಚಿಕೊಳ್ಳುವ ಮೆಮೊರಿ) ಆಗಿ ಕೈಯಿಂದ ಕೈಗೆ ಹೋಗಬೇಕು, ನಕಲಾಗಬಾರದು.

---

ಕರ್ನಲ್_ಕಾಕಾ

ಬ್ರೌಸರ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಹೇಳಿಕೊಳ್ಳುವಂಥದ್ದು ಜಾಸ್ತಿ ಇಲ್ಲ. ಫೈರ್‌ಫಾಕ್ಸ್ 116ರಲ್ಲಿ, 2023ರಲ್ಲಿ, ವಿ4ಎಲ್2 ಎಚ್.264 ಬೆಂಬಲ ಬಂತು. ಆದರೆ ಅದು ಸ್ಟೇಟ್‌ಫುಲ್, ಅಂದರೆ ಪೈ 4 ಥರದವಕ್ಕೆ. ಕ್ರೋಮಿಯಂ ಒಳಗೆ ಕ್ರೋಮ್ ಓಎಸ್‌ಗಾಗಿ ಬರೆದ ಸ್ಟೇಟ್‌ಲೆಸ್ ಕೋಡ್ ಇದೆ, ಆದರೆ ಅದನ್ನು ಬಿಲ್ಡ್ ಮಾಡುವಾಗಲೇ ಆನ್ ಮಾಡಬೇಕು, ನಿಮ್ಮ ಡಿಸ್ಟ್ರೋದ ಪ್ಯಾಕೇಜ್‌ನಲ್ಲಿ ಇರುವ ಸಾಧ್ಯತೆ ಕಡಿಮೆ. ಕ್ರೋಮ್ ಫ್ಲ್ಯಾಗ್ಸ್ ಪುಟದಲ್ಲಿ ಎಲ್ಲಾ ಎನೇಬಲ್ ಮಾಡಿ ಕೂತರೆ ಏನೂ ಆಗಲ್ಲ.

ಇನ್ನು ಯೂಟ್ಯೂಬ್ 1080ಪಿಗಿಂತ ಮೇಲಿನದ್ದನ್ನು ಎಚ್.264ನಲ್ಲಿ ಕೊಡುವುದಿಲ್ಲ, ವಿಪಿ9 ಅಥವಾ ಎವಿ1 ಕೊಡುತ್ತದೆ. ಎವಿ1 ಬಂದರೆ ನಿಮ್ಮ ಚಿಪ್ ಕೈ ಎತ್ತುತ್ತದೆ, ಆ ಹಾರ್ಡ್‌ವೇರೇ ಅದರಲ್ಲಿಲ್ಲ. ಎವಿ1 ಬೇಕೆಂದರೆ ಆರ್‌ಕೆ3588 ಕಡೆ ನೋಡಬೇಕು. ಯೂಟ್ಯೂಬ್‌ನಿಂದ ಎಚ್.264 ಮಾತ್ರ ಕೇಳುವ ಎಚ್264ಇಫೈ ಅನ್ನೋ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಸಿಪಿಯು ಮೇಲೆ ಓಡಿಸುವಾಗಲೂ ಸ್ವಲ್ಪ ಹಗುರ ಆಗುತ್ತದೆ. ನಾನಾದರೆ ಲಿಂಕ್ ತಗೊಂಡು ಪ್ಲೇಯರ್‌ಗೆ ಕೊಡುತ್ತೇನೆ.

---

ಸಣ್ಣಬೋರ್ಡ್_ದೊಡ್ಡಆಸೆ

ಎಂಪಿವಿ ಬಿಲ್ಡ್ ಮಾಡೋದು ವಾರಾಂತ್ಯಕ್ಕೆ ಇಟ್ಟುಕೊಂಡೆ. ಅದರ ಬದಲು ಕುತೂಹಲಕ್ಕೆ ಸಿ ಭಾಷೆಯಲ್ಲಿ ನಾನೇ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಡಿಕೋಡರ್‌ನಿಂದ ಬಂದ ಡಿಎಂಎ-ಬಫ್ ತಗೊಂಡು ನೇರವಾಗಿ ಡಿಆರ್‌ಎಂ ಪ್ಲೇನ್‌ಗೆ (ಪರದೆಯ ಒಂದು ಪದರ) ಹಾಕುತ್ತದೆ. ಚಿತ್ರ ಬರುತ್ತಿದೆ! ಆದರೆ ಒಂದು ವಿಚಿತ್ರ. ಗೆರೆಗಳೆಲ್ಲಾ ಸರಿಯಾದ ಜಾಗದಲ್ಲಿವೆ, ಬಣ್ಣ ಮಾತ್ರ ಸ್ವಲ್ಪ ಕೆಳಗೆ ಜಾರಿದೆ. ದೂರದಲ್ಲಿ ನಿಂತವರ ತುಟಿಯ ಕೆಂಪು ಗಲ್ಲದ ಮೇಲೆ ಕೂತಿದೆ. ಪರದೆಯ ಮೇಲ್ತುದಿಯಲ್ಲಿ ತೆಳ್ಳಗೆ ಒಂದು ಪಟ್ಟಿ ಏನೇನೋ ಬಣ್ಣ. 720ಪಿ ಫೈಲ್ ಹಾಕಿದರೆ ಎಲ್ಲಾ ಸರಿ. 1080ಪಿಯಲ್ಲಿ ಮಾತ್ರ ಹೀಗೆ.

---

ಪೈಪ್‌ಲೈನ್_ಪುಟ್ಟಿ

ಆಹಾ, 720 ಅಂದ ತಕ್ಷಣ ಗೊತ್ತಾಯಿತು. 720ನ್ನು 16ರಿಂದ ಭಾಗಿಸಿ, 45 ಬರುತ್ತದೆ, ಶೇಷ ಇಲ್ಲ. 1080ನ್ನು ಭಾಗಿಸಿದರೆ 67.5. ಎಚ್.264 ಮ್ಯಾಕ್ರೋಬ್ಲಾಕ್ 16 ಸಾಲಿನದು, ಅರ್ಧ ಬ್ಲಾಕ್ ಅಂತ ಇಲ್ಲ, ಹಾಗಾಗಿ ಡಿಕೋಡರ್ 1088 ಸಾಲು ಬರೆಯುತ್ತದೆ. ಕೊನೆಯ 8 ಸಾಲು ತೋರಿಸೋಕಲ್ಲ.

ಎನ್‌ವಿ12ರಲ್ಲಿ ಮೊದಲು ಬೆಳಕಿನ ಸಾಲುಗಳೆಲ್ಲಾ, ಅದರ ಹಿಂದೆಯೇ ಬಣ್ಣದ ಸಾಲುಗಳು. ಬಣ್ಣ ಎಲ್ಲಿಂದ ಶುರು ಅನ್ನೋಕೆ ನೀವು ಸಾಲಿನ ಉದ್ದವನ್ನು 1080ರಿಂದ ಗುಣಿಸಿದ್ದೀರಿ ಅನಿಸುತ್ತದೆ. ಅಸಲಿಗೆ ಅದು 1088ರ ಆಚೆ ಶುರುವಾಗುತ್ತದೆ. ನೀವು 8 ಸಾಲು ಮುಂಚೆಯೇ ಓದಲು ಶುರು ಮಾಡಿದಿರಿ, ಆ 8 ಸಾಲು ಬೆಳಕಿನದು, ಅದನ್ನೇ ಬಣ್ಣ ಅಂತ ತೋರಿಸಿದ್ದರಿಂದ ಮೇಲೆ ಹುಚ್ಚು ಪಟ್ಟಿ. ಬಣ್ಣದ ಒಂದು ಸಾಲು ಚಿತ್ರದ ಎರಡು ಸಾಲಿಗೆ ಆಗುತ್ತದೆ, ಹಾಗಾಗಿ ಪೂರ್ತಿ ಬಣ್ಣ 16 ಸಾಲು ಕೆಳಗೆ ಜಾರಿದೆ. ಪಟ್ಟಿ ಅಳತೆ ಮಾಡಿ ನೋಡಿ, 16 ಸಾಲೇ ಇರುತ್ತದೆ.

ಸಂಖ್ಯೆ ಕೈಯಾರೆ ಬರೆಯಬೇಡಿ. ಕ್ಯಾಪ್ಚರ್ ಕ್ಯೂಗೆ ಗೆಟ್-ಫಾರ್ಮ್ಯಾಟ್ ಕರೆ ಮಾಡಿದರೆ ಬೈಟ್ಸ್‌ಪರ್‌ಲೈನ್, ಹೈಟ್ ಎರಡನ್ನೂ ಡ್ರೈವರೇ ಹೇಳುತ್ತದೆ. ಅವೆರಡನ್ನು ಗುಣಿಸಿ ಬಂದದ್ದೇ ಬಣ್ಣದ ಆಫ್‌ಸೆಟ್. ಪ್ಲೇನ್‌ಗೆ ಹಾಕುವಾಗ ಸೋರ್ಸ್ ಎತ್ತರ ಮಾತ್ರ 1080 ಕೊಡಿ, ಇಲ್ಲದಿದ್ದರೆ ಕೆಳಗಡೆ ಆ 8 ಸಾಲು ಕಾಣಿಸಿಕೊಳ್ಳುತ್ತದೆ, ಬಹಳ ಸಲ ಹಸಿರು ಗೆರೆಯಾಗಿ. ಬರೀ ಸೊನ್ನೆ ತುಂಬಿರುವ ವೈಯುವಿ (ಬೆಳಕು-ಬಣ್ಣ) ಮೆಮೊರಿ ಪರದೆ ಮೇಲೆ ಹಸಿರಾಗಿಯೇ ಕಾಣೋದು.

---

ಸಣ್ಣಬೋರ್ಡ್_ದೊಡ್ಡಆಸೆ

ಅಳತೆ ಮಾಡಿದೆ, ಸರಿಯಾಗಿ 16. ಆಫ್‌ಸೆಟ್ ಬದಲಾಯಿಸಿದ ಮೇಲೆ ತುಟಿ ತುಟಿಯ ಜಾಗಕ್ಕೆ ಬಂತು. 😀

ಈಗ ವಿಡಿಯೋದಲ್ಲಿ ಮುಂದಕ್ಕೆ ಹಾರಿದರೆ ಅರ್ಧ ಸೆಕೆಂಡು ಚೌಕ ಚೌಕ ಚೂರು ಕಾಣುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ.

---

ಕರ್ನಲ್_ಕಾಕಾ

ಹಾರಿದ ಜಾಗ ಕೀಫ್ರೇಮ್ (ಬೇರೆ ಫ್ರೇಮ್‌ಗಳ ನೆರವಿಲ್ಲದೆ ಡಿಕೋಡ್ ಆಗುವ ಫ್ರೇಮ್) ಅಲ್ಲದಿದ್ದರೆ ಹಾಗೆಯೇ ಆಗೋದು. ಜೊತೆಗೆ ಹಳೇ ರೆಫರೆನ್ಸ್ ಪಟ್ಟಿ ಖಾಲಿ ಮಾಡದೆ ಹೊಸ ಜಾಗದ ಫ್ರೇಮ್ ಕೊಡುತ್ತಿದ್ದರೆ ಹಾರ್ಡ್‌ವೇರ್‌ಗೆ ಅದು ತಪ್ಪು ಅಂತ ತಿಳಿಯಲ್ಲ, ಕೊಟ್ಟಿದ್ದನ್ನು ಹಾಗೇ ಅಂಟಿಸುತ್ತದೆ. ಹಿಂದಿನ ಕೀಫ್ರೇಮ್‌ಗೆ ಹೋಗಿ, ಪಟ್ಟಿ ಖಾಲಿ ಮಾಡಿ, ಅಲ್ಲಿಂದ ಡಿಕೋಡ್ ಮಾಡುತ್ತಾ ಬನ್ನಿ, ಬೇಕಾದ ಸಮಯ ಬರುವ ತನಕ ಪರದೆಗೆ ಹಾಕಬೇಡಿ. ಆಗಲೂ ಚೂರು ಬಂದರೆ ಅದಕ್ಕೇ ಬೇರೆ ಪ್ರಶ್ನೆ ಹಾಕಿ, ಕೋಡ್ ಮತ್ತು ಡಿಮೆಸ್ಜ್ ಜೊತೆಗೆ ಇರಲಿ.